ಕಂಬದ ಮರವೂ ನೆರಳಿನ ಋಣವೂ

ಮನೆಯನ್ನು ಕಟ್ಟಿಸುವ ಗೃಹಸ್ಥನು ಪ್ರತಿಯೊಂದು ಹೆಜ್ಜೆಯಲ್ಲಿಯೂ ಇನ್ನೊಬ್ಬರನ್ನು ಕೇಳಿಯೇ ಮುಂದುವರಿಯುವನು. ಆಯವನ್ನು ಬಲ್ಲವರಿಗೆ ತೋರಿಸುವನು. ನಕ್ಷೆಗೆ ಪಾಲಿಕೆಯ ಒಪ್ಪಿಗೆಯನ್ನು ಪಡೆಯುವನು. ಗೋಡೆಯನ್ನು ಎಲ್ಲಿಗೆ ನಿಲ್ಲಿಸಬೇಕು, ಕಿಟಕಿಯನ್ನು ಯಾವ ಕಡೆಗೆ ತೆರೆಯಬೇಕು ಎಂಬುದನ್ನು ಮೇಸ್ತ್ರಿಯೊಡನೆಯೂ ಮನೆಯ ಹಿರಿಯರೊಡನೆಯೂ ಚರ್ಚಿಸುವನು. ಎಲ್ಲವೂ ಮುಗಿದ ಮೇಲೆ ಅಂಗಳದಲ್ಲಿ ಒಂದು ಸಸಿಯನ್ನು ನೆಡುವಾಗ ಮಾತ್ರ ಯಾರನ್ನೂ ಕೇಳಬೇಕೆಂದು ಅವನಿಗೆ ತೋರುವುದಿಲ್ಲ. ಮರ ನೆಡುವುದು ಪುಣ್ಯಕಾರ್ಯವಷ್ಟೆ. ಪುಣ್ಯಕ್ಕೆ ಯಾರ ಅಪ್ಪಣೆ ಬೇಕು?

ವಿಚಾರಮಾಡಿ ನೋಡಿದರೆ, ಗೋಡೆಗಿಂತ ಮರದ ವಿಷಯದಲ್ಲಿಯೇ ಹೆಚ್ಚಿನ ಯೋಚನೆ ಬೇಕೆಂಬುದು ತಿಳಿಯುವುದು. ಗೋಡೆಯು ಕಟ್ಟಿದಷ್ಟಕ್ಕೆ ನಿಲ್ಲುವುದು, ಮರವು ನಿಲ್ಲುವುದಿಲ್ಲ. ನೆಟ್ಟವನು ನಿದ್ರಿಸುವಾಗಲೂ, ಊರಿನಲ್ಲಿ ಇಲ್ಲದಿರುವಾಗಲೂ, ಕಾಲವಾದ ಮೇಲೆಯೂ ಅದು ಬೆಳೆಯುತ್ತಲೇ ಇರುವುದು. ಒಂದು ಗಳಿಗೆಯಲ್ಲಿ ಮಾಡಿದ ಕೆಲಸವು ಮಾಡಿದವನನ್ನು ಕೇಳದೆ ತಾನೇ ದೊಡ್ಡದಾಗುತ್ತ ಹೋದರೆ, ಆ ಬೆಳವಣಿಗೆಗೆಲ್ಲ ಅವನು ಹೊಣೆಯೋ ಅಲ್ಲವೋ? ತನ್ನ ನೆಲದಲ್ಲಿ ತನ್ನ ಹಣದಿಂದ ತನ್ನ ಸಂತೋಷಕ್ಕಾಗಿ ಬೆಳೆಸಿದ ಮರದಿಂದ ಇತರರಿಗೆ ಸಲ್ಲತಕ್ಕದ್ದು ಏನಾದರೂ ಉಂಟೋ ಇಲ್ಲವೋ? ಇವು ತೋಟಗಾರಿಕೆಯ ಪ್ರಶ್ನೆಗಳಂತೆ ಕಂಡರೂ ನಿಜವಾಗಿ ಧರ್ಮದ ಪ್ರಶ್ನೆಗಳು.

ಬಳ್ಳಾರಿಯ ಗಾಂಧಿನಗರದಂತಹ ಬಡಾವಣೆಯಲ್ಲಿ ಒಬ್ಬ ಗೃಹಸ್ಥನಿಗೆ ಎಂತಹ ಮರ ಬೇಕಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ನಿವೇಶನವು ಕಿರಿದು, ಮನೆಯು ಅದರ ಬಹುಭಾಗವನ್ನು ಆಕ್ರಮಿಸಿರುವುದು, ಉಳಿದುದು ಗೋಡೆಗೂ ಆವರಣಕ್ಕೂ ನಡುವಣ ಕೆಲವು ಅಡಿಗಳ ನೆಲ. ಪಕ್ಕದಲ್ಲಿ ಮಹಡಿಯೆದ್ದಿದೆ, ಅದರ ಕಿಟಕಿಯಿಂದ ಇವನ ಹಿತ್ತಲೆಲ್ಲ ಕಾಣುವುದು. ಆದುದರಿಂದ ಮರವು ಬೇಗ ಬೆಳೆಯಬೇಕು; ಅಗಲವಾಗದೆ ನೆಟ್ಟಗೆ ಮೇಲಕ್ಕೆ ಹೋಗಬೇಕು; ವರ್ಷವೆಲ್ಲ ಹಸುರಾಗಿದ್ದು ಮರೆಯಾಗಬೇಕು; ಎಲೆಯುದುರಿಸಿ ಅಂಗಳವನ್ನು ಕೆಡಿಸಬಾರದು. ಈ ಗುಣಗಳೆಲ್ಲ ಒಂದೆಡೆ ಕೂಡಿರುವ ಮರವನ್ನು ಕೇಳಿದರೆ ಸಸಿ ಮಾರುವವನು ಸೈಪ್ರಸ್, ಥೂಜಾ, ಅರಕೇರಿಯಾ ಎಂಬ ಹೆಸರುಗಳನ್ನು ಹೇಳುವನು. ಇವು ಶಂಕುವಿನಾಕಾರದ ಕಾಯಿಗಳನ್ನು ಬಿಡುವ, ಸೂಜಿಯಂತೆಯೋ ಹುರುಪೆಯಂತೆಯೋ ಎಲೆಗಳುಳ್ಳ ಜಾತಿಯವು. ಇವು ಬಿಸಿಲಿಗೆ ತಾಳಲಾರವೆಂಬ ಅನುಮಾನ ಬಂದರೆ ‘ಅಶೋಕ’ವೆಂಬ ಹೆಸರಿನಿಂದ ಕಂಬದ ಮರವನ್ನು ಕೊಡುವನು. ಕಂಬದ ಮರವು ಆ ಜಾತಿಗೆ ಸೇರಿದುದಲ್ಲ. ಸೀತೆಯ ಕಥೆಯಲ್ಲಿ ಬರುವ ಕೆಂಪು ಹೂವಿನ ಅಶೋಕವೂ ಅದಲ್ಲ. ಆದರೆ ನೇರವಾಗಿ ಏರುವುದರಲ್ಲಿಯೂ ಕೊಂಬೆಗಳನ್ನು ಮೈಗೆ ಅಂಟಿಸಿಕೊಂಡಿರುವುದರಲ್ಲಿಯೂ ಅದು ಪರದೇಶದ ಸೈಪ್ರಸ್ಸಿನ ಪ್ರತಿನಿಧಿಯಾಗಿ ನಿಲ್ಲುವುದು. ಅದರ ನೇರವಾದ ಕಾಂಡವನ್ನು ಹಿಂದಿನ ಕಾಲದಲ್ಲಿ ಹಡಗಿನ ಪಟಸ್ತಂಭಕ್ಕೆ ಬಳಸುತ್ತಿದ್ದರು.

ಈ ಮರಗಳ ಆಕಾರವು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಶೀತದೇಶಗಳಲ್ಲಿ ಹಿಮವು ಕೊಂಬೆಗಳ ಮೇಲೆ ಕುಳಿತು ಅವನ್ನು ಮುರಿಯದೆ ಜಾರಿಹೋಗುವುದಕ್ಕೆ ಇಳಿಜಾರಾದ ಮೈ ಅನುಕೂಲ. ಅಲ್ಲಿ ಸೂರ್ಯನು ನೆತ್ತಿಗೆ ಬಾರದೆ ದಿಗಂತದ ಸಮೀಪದಲ್ಲಿಯೇ ಓರೆಯಾಗಿ ಚಲಿಸುವನಾದುದರಿಂದ, ಕೊಡೆಯಂತೆ ಹರಡಿದ ಮರಕ್ಕಿಂತ ಗೋಪುರದಂತೆ ನಿಂತ ಮರಕ್ಕೆ ಬೆಳಕು ಚೆನ್ನಾಗಿ ದೊರೆಯುವುದು. ಎಂದರೆ ಆ ರೂಪವು ಆ ದೇಶದ ಕಷ್ಟಸುಖಗಳಿಗೆ ಆ ಮರವು ಕೊಟ್ಟುಕೊಂಡ ಉತ್ತರ. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಿಂದ ಪರ್ಷಿಯಾದ ವರೆಗೆ ಬೆಳೆಯುವ ಸೈಪ್ರಸ್ಸಿನಲ್ಲಿ ಹರಡುವ ಬಗೆಯೂ ಉಂಟು; ಕಂಬದಂತಹ ಬಗೆಯನ್ನು ಮನುಷ್ಯರು ಅಂದಕ್ಕಾಗಿ ಆರಿಸಿ ಬೆಳೆಸಿದರು. ಪರ್ಷಿಯಾದ ತೋಟಗಳಿಂದ ಆ ರುಚಿಯು ಮೊಗಲರೊಡನೆ ಹಿಂದೂಸ್ಥಾನಕ್ಕೆ ಬಂದಿತು. ತಾಜಮಹಲಿನ ಮುಂದಣ ಕಾಲುವೆಯ ಎರಡು ದಡಗಳಲ್ಲಿ ನಿಂತ ಸಾಲುಮರಗಳನ್ನು ಚಿತ್ರದಲ್ಲಿಯಾದರೂ ನೋಡದವರಿಲ್ಲ. ಅಲ್ಲಿ ಅವು ನೆರಳಿಗಾಗಿ ನಿಂತಿಲ್ಲ. ಕಣ್ಣನ್ನು ಗೋಪುರದ ಕಡೆಗೆ ನಡೆಯಿಸುವುದಕ್ಕಾಗಿ ನಿಂತಿವೆ. ಅದು ಅರಸನ ತೋಟ. ಅಲ್ಲಿ ಅದು ಸಲ್ಲುವುದು.

ಅರಕೇರಿಯಾದ ಚರಿತ್ರೆಯು ಇನ್ನೂ ವಿನೋದಕರವಾದುದು. ಬೆಂಗಳೂರಿನ ಲಾಲ್‌ಬಾಗನ್ನು ನೋಡಿದವರು ಆಕಾಶಕ್ಕೆ ಚಾಚಿದ ಆ ಎತ್ತರದ ಮರಗಳನ್ನು ಮರೆಯಲಾರರು. ಅವುಗಳ ತೌರು ಶಾಂತಸಾಗರದ ನ್ಯೂ ಕೆಲೆಡೋನಿಯಾ ದ್ವೀಪಗಳು. ೧೭೭೪ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ಕನ ಹಡಗು ಅಲ್ಲಿಗೆ ಹೋದಾಗ ದೂರದಿಂದ ಕಂಡ ಆ ಆಕೃತಿಗಳು ಮರಗಳೋ ಕಲ್ಲಿನ ಕಂಬಗಳೋ ಎಂದು ಹಡಗಿನಲ್ಲಿದ್ದವರೊಳಗೆ ವಾದವೇ ನಡೆಯಿತು. ಶಾಸ್ತ್ರಜ್ಞರಾದವರು ಕಲ್ಲೆಂದರು, ನಾವಿಕರು ಮರವೆಂದರು. ಸಮೀಪಕ್ಕೆ ಹೋದ ಮೇಲೆ ನಾವಿಕರೇ ಗೆದ್ದರು. ಆ ಮರಕ್ಕೆ ಇಂದಿಗೂ ಕುಕ್ಕನ ಹೆಸರೇ ನಿಂತಿದೆ. ಅದರ ನೆಟ್ಟನೆಯ ನಿಲುವೂ ತೋರಿಕೆಯದೇ. ಐದು ಖಂಡಗಳ ೧೮ ಪ್ರದೇಶಗಳಲ್ಲಿ ೨೫೬ ಮರಗಳನ್ನು ಅಳೆದು ೨೦೧೭ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ಭೂಮಧ್ಯರೇಖೆಯ ಉತ್ತರದಲ್ಲಿ ಬೆಳೆದವು ದಕ್ಷಿಣಕ್ಕೂ ದಕ್ಷಿಣದಲ್ಲಿ ಬೆಳೆದವು ಉತ್ತರಕ್ಕೂ, ಸರಾಸರಿ ಎಂಟೂವರೆ ಅಂಶದಷ್ಟು, ವಾಲಿಕೊಂಡಿರುವುವು. ಅರುವತ್ತು ಅಡಿ ಎತ್ತರದ ಮರವು ಅಷ್ಟು ವಾಲಿದರೆ ಅದರ ತುದಿಯು ಬುಡದಿಂದ ಒಂಬತ್ತು ಅಡಿಯಷ್ಟು ಆಚೆಗೆ ಸರಿಯುವುದು. ಕಿರಿದಾದ ಹಿತ್ತಲಿನಲ್ಲಿ ಒಂಬತ್ತು ಅಡಿಯೆಂದರೆ ನೆರೆಯವನ ಮನೆ. ನೆಲವನ್ನು ಆಕ್ರಮಿಸದೆ ನೇರವಾಗಿ ಹೋಗುವುದೆಂಬ ನಂಬಿಕೆಯಿಂದ ನೆಟ್ಟ ಮರವು ತನ್ನದೇ ಆದ ಕಾರಣದಿಂದ ಪರರ ಆಕಾಶಕ್ಕೆ ದಾಟುವುದು.

ಬೇಗ ಬೆಳೆಯುವ ಸೈಪ್ರಸ್ಸುಗಳಲ್ಲಿ ಹೆಸರಾದುದು ಲೇಲಂಡ್ ಸೈಪ್ರಸ್. ಅದರ ತಾಯಿತಂದೆಗಳಲ್ಲಿ ಒಂದು ಕ್ಯಾಲಿಫೋರ್ನಿಯಾದ ಕಡಲತೀರದ ಮರ. ಇನ್ನೊಂದು ಅಲಾಸ್ಕಾದಿಂದ ಕೆಳಗೆ ಉತ್ತರ ಅಮೆರಿಕದ ಪಶ್ಚಿಮತೀರದ ಮರ. ಕಾಡಿನಲ್ಲಿ ಅವೆರಡೂ ಕೂಡುವ ಸಂಭವವೇ ಇರಲಿಲ್ಲ. ವೇಲ್ಸ್ ಪ್ರಾಂತದ ಲೇಟನ್ ಹಾಲ್ ಎಂಬ ಬಂಗಲೆಯ ತೋಟದಲ್ಲಿ ಅವನ್ನು ಹತ್ತಿರದಲ್ಲಿ ನೆಟ್ಟಿದ್ದುದರಿಂದ ೧೮೮೮ರಲ್ಲಿ ಈ ಮಿಶ್ರಜಾತಿ ಹುಟ್ಟಿತು. ಅದರ ಸಸಿಗಳನ್ನು ಲೇಲಂಡ್ ಎಂಬವನು ೧೮೯೨ರಲ್ಲಿ ಇಂಗ್ಲೆಂಡಿನ ಉತ್ತರಭಾಗಕ್ಕೆ ಒಯ್ದು ಬೆಳೆಸಿದನು. ಅದು ವರ್ಷಕ್ಕೆ ಸುಮಾರು ಮೂರು ಅಡಿ ಏರುವುದು. ಕೊಂಬೆಯನ್ನು ಕತ್ತರಿಸಿ ನೆಟ್ಟರೆ ಬೇರು ಬಿಡುವುದು. ಮನೆಗಳು ಒತ್ತಾಗಿದ್ದ ಪಟ್ಟಣಗಳಲ್ಲಿ ಪ್ರತಿಯೊಬ್ಬನೂ ಅದನ್ನು ಬೇಲಿಯಾಗಿ ನೆಟ್ಟನು. ಕೆಲವೇ ವರ್ಷಗಳಲ್ಲಿ ಬೇಲಿಯು ಕೋಟೆಯಾಯಿತು. ಮೊದಲೇ ಬೆಳಕು ವಿರಳವಾದ ಆ ದೇಶದಲ್ಲಿ ನೆರೆಯವರ ಕೋಣೆಗಳು ಹಗಲಿನಲ್ಲಿಯೇ ಕತ್ತಲೆಗೊಂಡವು, ವ್ಯಾಜ್ಯಗಳು ಬೆಳೆದವು, ಕೊನೆಗೆ ಪಾರ್ಲಿಮೆಂಟು ೨೦೦೩ರ ಒಂದು ಕಾಯಿದೆಯಲ್ಲಿ, ಎರಡು ಮೀಟರಿಗಿಂತ ಎತ್ತರವಾದ ನಿತ್ಯಹರಿತ ಬೇಲಿಯಿಂದ ತೊಂದರೆಗೊಂಡವರು ಸ್ಥಳೀಯ ಸಂಸ್ಥೆಗೆ ದೂರು ಕೊಡಬಹುದೆಂಬ ಅಧ್ಯಾಯವನ್ನೇ ಸೇರಿಸಬೇಕಾಯಿತು. ಅಲ್ಲಿ ಮರ ನೆಟ್ಟವರಾರೂ ದುಷ್ಟರಾಗಿರಲಿಲ್ಲ. ಎಲ್ಲರೂ ಬೇಡಿದುದು ಸ್ವಲ್ಪ ಮರೆಯನ್ನು. ಮರವು ತನ್ನ ಸ್ವಭಾವದಂತೆ ಬೇಡಿದುದಕ್ಕಿಂತ ಹೆಚ್ಚಾಗಿ ಕೊಟ್ಟಿತು.

ಈಗ ಬಳ್ಳಾರಿಗೆ ಬರೋಣ. ಇಲ್ಲಿ ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಋತುಗಳೆಂದು ವಿನೋದಕ್ಕೆ ಹೇಳುವುದುಂಟು. ವರ್ಷದ ಮಳೆಯು ಐದುನೂರು ಮಿಲಿಮೀಟರಿನ ಆಸುಪಾಸು. ಬೇಸಿಗೆಯ ಶಾಖವು ನಾಲ್ವತ್ತು ಡಿಗ್ರಿಯನ್ನು ಮೀರುವುದು. ಅದರ ಮೇಲೆ ಹಗಲೆಲ್ಲ ಕಾದ ಬಂಡೆಯ ಗುಡ್ಡವು ಊರಿನ ನಡುವೆ ನಿಂತಿದೆ. ಇಂತಹ ಊರಿನಲ್ಲಿ ಬೆಳಕಿಗೆ ಬರವಿಲ್ಲ. ನೆರೆಯವನ ಮರವು ತನ್ನ ಗೋಡೆಯ ಮೇಲೆ ನೆರಳು ಬೀಳಿಸಿದರೆ ಇಲ್ಲಿ ಜನರು ದೂರುವುದಕ್ಕಿಂತ ಹರಸುವುದೇ ಹೆಚ್ಚು. ಆದುದರಿಂದ ಇಂಗ್ಲೆಂಡಿನ ನ್ಯಾಯವನ್ನು ಹಾಗೆಯೇ ತಂದು ಇಲ್ಲಿ ಹೊಂದಿಸಲಾಗದು. ಅಲ್ಲಿ ಆ ಮರದ ಮೇಲಣ ಆಪಾದನೆಯು ಬೆಳಕನ್ನು ಕಸಿದುಕೊಂಡಿತೆಂಬುದು. ಇಲ್ಲಿ ಅದರ ಮೇಲೆ ಹೊರಿಸಬಹುದಾದುದು ನೆರಳನ್ನು ಕೊಡಲಿಲ್ಲವೆಂಬುದು.

ಇದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು. ಬಳ್ಳಾರಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೈದು ಅಂಶಕ್ಕಿಂತ ಸ್ವಲ್ಪ ಮೇಲಿದೆ. ಏಪ್ರಿಲ್ ತಿಂಗಳ ಕೊನೆ ಮೇ ತಿಂಗಳ ಮೊದಲಲ್ಲಿ, ಎಂದರೆ ಬಿಸಿಲು ಅತ್ಯಂತ ಉಗ್ರವಾಗಿರುವಾಗಲೇ, ಇಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆ ಬರುವನು. ಆಗ ನಾಲ್ವತ್ತು ಅಡಿ ಎತ್ತರ, ಐದು ಅಡಿ ಅಗಲವಿರುವ ಕಂಬದಂತಹ ಮರದ ನೆರಳು ಅದರ ಕಾಲಬುಡದಲ್ಲಿ ಐದು ಅಡಿಯ ಒಂದು ವೃತ್ತ ಮಾತ್ರ; ಅಲ್ಲಿ ಒಬ್ಬ ತರಕಾರಿ ಮಾರುವವಳ ಬುಟ್ಟಿಗೂ ಸ್ಥಳ ಸಾಲದು. ಸೂರ್ಯನು ಇಪ್ಪತ್ತು ಅಂಶ ಎತ್ತರದಲ್ಲಿರುವ ಬೆಳಗಿನ ಹೊತ್ತಿನಲ್ಲಿಯೋ ಇಳಿಹೊತ್ತಿನಲ್ಲಿಯೋ ಅದೇ ಮರದ ನೆರಳು ನೂರಹತ್ತು ಅಡಿ ದೂರ ಚಾಚಿ ಎರಡು ಮೂರು ಮನೆಗಳನ್ನು ದಾಟುವುದು. ಮಾಗಿಯ ಬೆಳಗಿನಲ್ಲಿ ತುಳಸಿಕಟ್ಟೆಗೆ ಬೀಳಬೇಕಾದ ಎಳೆಬಿಸಿಲನ್ನೂ, ಮಾಳಿಗೆಯ ಮೇಲೆ ನೀರು ಕಾಯಿಸುವ ಸೌರಯಂತ್ರಕ್ಕೆ ಬೇಕಾದ ಕಿರಣಗಳನ್ನೂ ಅದು ತಡೆಯಬಹುದು. ಬೇಕಾದಾಗ ತನ್ನ ಕಾಲಿಗೆ, ಬೇಡವಾದಾಗ ಪರರ ಮನೆಗೆ: ಕಂಬದ ಮರವು ನೆರಳನ್ನು ಹಂಚುವ ರೀತಿ ಇದು. ಬೇವು, ಹೊಂಗೆ, ಹುಣಿಸೆಗಳ ರೀತಿಯು ಇದಕ್ಕೆ ತೀರ ವಿರುದ್ಧವಾದುದು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. “ನೆಲವು ನನ್ನದು, ನಾನು ಯಾರಿಗೂ ಹಾನಿಮಾಡಿಲ್ಲ, ನೆರಳು ಕೊಡುವೆನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಕೊಡದಿರುವುದು ಹೇಗೆ ತಪ್ಪಾದೀತು?” ಎಂದು ಗೃಹಸ್ಥನು ಕೇಳಬಹುದು. ಕಾಯಿದೆಯ ದೃಷ್ಟಿಯಿಂದ ಅವನ ಮಾತಿಗೆ ಬಲವುಂಟು. ೧೮೮೨ರ ಅನುಭೋಗದ ಹಕ್ಕುಗಳ ಕಾಯಿದೆಯು ಒಂದು ಕಟ್ಟಡಕ್ಕೆ ಬೆಳಕು ಗಾಳಿಗಳ ಹಕ್ಕನ್ನು ಒಪ್ಪಬೇಕಾದರೆ ಇಪ್ಪತ್ತು ವರ್ಷಗಳ ಅಡ್ಡಿಯಿಲ್ಲದ ಅನುಭೋಗವನ್ನು ಕೇಳುವುದು. ಹೊಸ ಮನೆ ಕಟ್ಟಿದ ನೆರೆಯವನಿಗೆ ಅಷ್ಟು ಕಾಲ ಸಂದಿರುವುದಿಲ್ಲ. ಬೇಗ ಬೆಳೆಯುವ ಮರಕ್ಕೆ ಐದಾರು ವರ್ಷ ಸಾಕು. ಹಕ್ಕು ಹುಟ್ಟುವುದಕ್ಕೆ ಮುಂಚೆಯೇ ಬೆಳಕು ಹೋಗಿರುವುದು. ಬೆಳಕಿನ ಸ್ಥಿತಿಯೇ ಹೀಗಿರುವಾಗ ನೆರಳಿನ ಮಾತು ದೂರ. ಇನ್ನೊಬ್ಬನ ಮರದ ನೆರಳಿನಲ್ಲಿ ಹಕ್ಕುಂಟೆಂದು ಯಾರೂ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಲಾರರು.

ಆದರೆ ಕಾಯಿದೆಯು ನಿಲ್ಲುವ ಸ್ಥಳದಲ್ಲಿಯೇ ಧರ್ಮವೂ ನಿಲ್ಲಬೇಕೆಂಬ ನಿಯಮವಿಲ್ಲ. ಹಾನಿಯನ್ನು ಮಾಡದಿರುವುದು ಕಾಯಿದೆಯ ಅಪೇಕ್ಷೆ. ಪಡೆದುದನ್ನು ತೀರಿಸುವುದು ಧರ್ಮದ ಅಪೇಕ್ಷೆ. ಗಾಂಧಿನಗರದ ಗೃಹಸ್ಥನು ಯಾರಿಂದಲೂ ಏನನ್ನೂ ಪಡೆಯಲಿಲ್ಲವೆ? ಅವನು ಪೇಟೆಗೆ ಹೋಗಿಬರುವಾಗ ನಿಂತು ಬೆವರನ್ನೊರಸಿಕೊಂಡುದು ಯಾರೋ ಹಿಂದಿನವರು ನೆಟ್ಟ ಬೇವಿನ ಕೆಳಗೆ. ಅವನ ಸಸಿಗೆ ಎರೆದ ನೀರು ತುಂಗಭದ್ರೆಯಿಂದ ಕಾಲುವೆಯಲ್ಲಿ ಹರಿದು ಬಂದುದು; ೧೯೫೩ರಲ್ಲಿ ಆ ಅಣೆಕಟ್ಟೆಯು ಮುಗಿಯುವುದಕ್ಕೆ ಎಷ್ಟೋ ಹಳ್ಳಿಗಳು ತಮ್ಮ ನೆಲವನ್ನು ನೀರಿಗೆ ಬಿಟ್ಟುಕೊಟ್ಟವು. ಋಣವೆಂಬುದು ಸಾಲಪತ್ರವನ್ನು ಬರೆದುಕೊಟ್ಟ ಮೇಲೆಯೇ ಹುಟ್ಟುವುದಲ್ಲ, ಉಣ್ಣುವಾಗಲೇ ಹುಟ್ಟುವುದು. ಉಂಡ ನೆರಳಿಗೆ ಬದಲಾಗಿ ನೆರಳನ್ನೇ ಕೊಡಬೇಕೆಂದೇನೂ ಇಲ್ಲ. ಆದರೆ ಮರವನ್ನು ನೆಡುವ ಸಂದರ್ಭ ಬಂದಾಗಲೂ ಆ ಋಣದ ನೆನಪೇ ಬಾರದಿದ್ದರೆ ಅದನ್ನು ಲೋಪವೆನ್ನದೆ ಗತ್ಯಂತರವಿಲ್ಲ.

ಪ್ರಾಚೀನರು ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಯಜ್ಞಯಾಗಾದಿಗಳು ಇಷ್ಟ, ಕೆರೆ ಬಾವಿಗಳನ್ನು ತೋಡಿಸುವುದು, ಮರಗಳನ್ನು ನೆಡಿಸುವುದು ಪೂರ್ತ. ಪೂರ್ತದ ಲಕ್ಷಣವೇನೆಂದರೆ ಅದರ ಫಲವು ಕರ್ತೃವಿಗೆ ಪರಿಚಯವೇ ಇಲ್ಲದವರಿಗೆ ಸಲ್ಲುವುದು. ಬಳ್ಳಾರಿ ಜಿಲ್ಲೆಯ ಓದುಗರು ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಉಡೇಗೋಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿರುದನ್ನಷ್ಟೇ ಹೇಳದೆ ಅವನ ಹೆಸರನ್ನೇ ಹೇಳುವ ಶಾಸನಗಳು ದೇಶದಲ್ಲಿ ಬೆರಳೆಣಿಕೆಯಷ್ಟಾಗಿದ್ದು ಇವೆರಡೂ ಆ ಗುಂಪಿಗೆ ಸೇರಿದುವು. ಅದೇ ಅರಸನು ಈಗ ದೆಹಲಿಯಲ್ಲಿರುವ ತನ್ನ ಸ್ತಂಭಶಾಸನವೊಂದರಲ್ಲಿ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ ಮಾವಿನ ತೋಪುಗಳನ್ನು ಬೆಳೆಸಿದುದನ್ನೂ ಹೇಳಿಕೊಂಡಿರುವನು. ಅಷ್ಟಕ್ಕೇ ನಿಲ್ಲಿಸದೆ, ಇಂತಹ ಸುಖಸೌಕರ್ಯಗಳನ್ನು ಹಿಂದಿನ ಅರಸರೂ ಒದಗಿಸಿದ್ದರೆಂದೂ, ತಾನು ಮಾಡಿದುದು ಜನರು ಧರ್ಮದಲ್ಲಿ ನಡೆಯಲೆಂಬ ಉದ್ದೇಶದಿಂದಲೆಂದೂ ಸೇರಿಸಿರುವನು. ಕಲ್ಲಿನ ಕಂಬವು ಅವನಿಗೆ ಅಕ್ಷರಗಳನ್ನು ಕೆತ್ತಿಸಲು ಬೇಕಾಯಿತು. ದಾರಿಯಲ್ಲಿ ನೆಡುವುದಕ್ಕೆ ಅವನು ಆರಿಸಿದುದು ಕೈಗಳನ್ನು ಚಾಚಿ ನಿಲ್ಲುವ ಆಲವನ್ನು. ಇಂದು ಅವನ ಹೆಸರನ್ನೇ ಹೊತ್ತ ಮರವು ನೆರಳಿಲ್ಲದ ಕಂಬವಾಗಿ ಆವರಣಗಳೊಳಗೆ ನಿಂತಿರುವುದು ಶಬ್ದದ ಒಂದು ಚೋದ್ಯ.

ಈ ದಾರಿಯನ್ನು ಅರಸರು ಮಾತ್ರವೇ ಹಿಡಿಯಬಲ್ಲರೆಂದು ತಿಳಿಯಬಾರದು. ಮಾಗಡಿ ತಾಲ್ಲೂಕಿನ ಹುಲಿಕಲ್ ಕುದೂರುಗಳ ನಡುವಣ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ನೂರಾರು ಆಲದ ಮರಗಳನ್ನು ಬೆಳೆಸಿದರು. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಕೂಲಿ ಮಾಡಿ ಜೀವಿಸುತ್ತಿದ್ದ ಆ ದಂಪತಿಗಳು ನೆಟ್ಟುದು ಒಂದು ದಿನದ ಕೆಲಸ. ಕೊಡಗಳಲ್ಲಿ ನೀರನ್ನು ಹೊತ್ತು ಎರೆದುದೂ, ದನಕರುಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿದುದೂ ವರ್ಷಗಳ ಕೆಲಸ. ಪುಣ್ಯವು ನೆಡುವುದರಲ್ಲಿದೆಯೆಂದು ಲೋಕವು ಹೇಳುವುದು. ಅವರ ಜೀವನವನ್ನು ನೋಡಿದರೆ ಅದು ನೆಟ್ಟ ಮರುದಿನದಿಂದ ಆರಂಭವಾಗುವುದೆಂದು ತೋರುವುದು.

ಎರಡನೆಯ ಪೂರ್ವಪಕ್ಷವು ಮೊದಲನೆಯದಕ್ಕಿಂತ ಗಟ್ಟಿಯಾದುದು. “ಮೂವತ್ತಡಿ ನಲ್ವತ್ತಡಿ ನಿವೇಶನದಲ್ಲಿ ಆಲವನ್ನು ನೆಡಲಾದೀತೆ? ಬೇವನ್ನೇ ನೆಟ್ಟರೂ ಅದರ ಕೊಂಬೆ ವಿದ್ಯುತ್ತಿನ ತಂತಿಗೆ ತಾಗುವುದು, ಎಲೆ ನೆರೆಯವನ ಅಂಗಳಕ್ಕೆ ಉದುರುವುದು, ಬೇರು ಗೋಡೆಯನ್ನು ಸೀಳುವುದು. ಕಿರಿದಾದ ಸ್ಥಳದಲ್ಲಿ ಮೈಯನ್ನು ಮುದುರಿಕೊಂಡು ನಿಲ್ಲುವ ಮರವೇ ಸಭ್ಯವಾದುದಲ್ಲವೆ? ಹಿತ್ತಲಿನಲ್ಲಿ ಕೆಲಸಮಾಡುವ ಹೆಣ್ಣುಮಕ್ಕಳಿಗೆ ಪಕ್ಕದ ಮಹಡಿಯ ದೃಷ್ಟಿಯಿಂದ ಮರೆ ಬೇಡವೆ?” ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ಮರೆಯನ್ನು ಬಯಸುವುದು ಅಪರಾಧವಲ್ಲ. ಮಾನವು ಅನ್ನದಷ್ಟೇ ಆವಶ್ಯಕ. ಕಿರಿದಾದ ಸ್ಥಳಕ್ಕೆ ಕಿರಿದಾದ ಮರವನ್ನು ಆರಿಸುವುದರಲ್ಲಿ ಒಂದು ವಿವೇಕವೂ ಉಂಟು. ಕಂಬದ ಮರದ ಹಣ್ಣು ಕೋಗಿಲೆಗೂ ಬಾವಲಿಗೂ ಆಹಾರವೆಂಬುದನ್ನೂ ಮರೆಯಲಾಗದು. ಅದು ಯಾರಿಗೂ ಏನನ್ನೂ ಕೊಡದ ಮರವೆಂದರೆ ಅನ್ಯಾಯವಾದೀತು.

ಆದರೆ ಅಗಲದಲ್ಲಿ ಸಂಕೋಚವಿದ್ದ ಮಾತ್ರಕ್ಕೆ ಎತ್ತರದಲ್ಲಿಯೂ ಆಳದಲ್ಲಿಯೂ ಸಂಕೋಚವಿದೆಯೆಂದು ಸಿದ್ಧವಾಗುವುದಿಲ್ಲ. ಬಳ್ಳಾರಿಯ ಸುತ್ತಣ ಎರೆಭೂಮಿಯು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಸೀಳಿಕೊಳ್ಳುವುದು. ಬೇಗ ಬೆಳೆಯುವ ಮರವು ನೀರನ್ನೂ ಬೇಗ ಹೀರುವುದು. ಅಂತಹ ನೆಲದಲ್ಲಿ ಗೋಡೆಯ ಪಕ್ಕಕ್ಕೇ ಸಾಲಾಗಿ ನೆಟ್ಟರೆ ತಳಹದಿಯ ಕೆಳಗಣ ಮಣ್ಣು ಕುಗ್ಗಿ ಗೋಡೆಯು ಬಿರಿಯುವ ಭಯವುಂಟು. ಆ ಗೋಡೆಯು ನೆಟ್ಟವನದೂ ಆಗಬಹುದು, ನೆರೆಯವನದೂ ಆಗಬಹುದು. ಮೇಲೆ ಕಾಣುವ ಸಭ್ಯತೆಯು ಕೆಳಗೆ ಕಾಣದ ಕಡೆಯಲ್ಲಿಯೂ ಇರುವುದೇ ಎಂಬುದನ್ನು ಮರದ ವಿಷಯದಲ್ಲಿ ಮಾತ್ರವಲ್ಲ, ಮನುಷ್ಯರ ವಿಷಯದಲ್ಲಿಯೂ ಪರೀಕ್ಷಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದು ವೇಗದ ವಿಷಯ. ಹುಣಿಸೆಯನ್ನು ನೆಡುವವನು ಮೊಮ್ಮಕ್ಕಳಿಗಾಗಿ ನೆಡುವನು. ಸೈಪ್ರಸ್ಸನ್ನು ನೆಡುವವನು ತಾನೇ ನೋಡಬೇಕೆಂದು ನೆಡುವನು. ತಾನೇ ನೋಡಬೇಕೆಂಬ ಆಸೆಯೂ ಸಹಜವೇ. ಆದರೆ ಬೇಗ ಬೆಳೆಯುವುದು ಬೇಗ ಮಿತಿಯನ್ನೂ ಮೀರುವುದು. ಆರು ಅಡಿಯಲ್ಲಿ ಮರೆಯಾಗಿದ್ದುದು ಇಪ್ಪತ್ತು ಅಡಿಯಲ್ಲಿ ಕಾಟವಾಗುವುದು. ಆರು ಅಡಿಯಲ್ಲಿ ನಿಲ್ಲೆಂದು ಅದಕ್ಕೆ ಹೇಳಬಲ್ಲವರು ಯಾರೂ ಇಲ್ಲ, ಕತ್ತರಿಯನ್ನು ಹಿಡಿದ ಒಡೆಯನ ಹೊರತು. ವರ್ಷಕ್ಕೆ ಒಂದೆರಡು ಸಲವಾದರೂ ತುದಿಯನ್ನೂ ಬದಿಯನ್ನೂ ಸವರಬೇಕು. ಬೇಗ ಬೆಳೆಯುವ ಮರವನ್ನು ಆರಿಸಿದವನು ಶ್ರಮವನ್ನು ಉಳಿಸಿಕೊಂಡನೆಂದು ಭಾವಿಸುವನು. ನಿಜವಾಗಿ ಅವನು ಕಾಯುವ ಶ್ರಮವನ್ನು ಬಿಟ್ಟು ತಡೆಯುವ ಶ್ರಮವನ್ನು ಕೊಂಡುಕೊಂಡಿರುವನು. ಈ ಎರಡನೆಯ ಶ್ರಮವನ್ನು ಅವನು ಮಾಡದಿದ್ದರೆ ಅದರ ಭಾರವು ನೆರೆಯವನ ಮೇಲೆ ಬೀಳುವುದು.

ಈ ಜಾತಿಯ ಮರಗಳಲ್ಲಿ ಮತ್ತೊಂದು ವಿಶೇಷವುಂಟು. ಬೇವು ಹೊಂಗೆಗಳನ್ನು ಬೋಳಾಗುವಂತೆ ಕಡಿದರೂ ಮುಂದಿನ ಮಳೆಗೆ ಚಿಗುರುವುವು. ಸೈಪ್ರಸ್ ಥೂಜಾಗಳು ಹಾಗಲ್ಲ. ಹೊರಗಿನ ಹಸುರನ್ನು ಸವರಿದರೆ ಸಹಿಸುವುವು. ಒಳಗಿನ ಒಣಗಿದ ಕಂದುಬಣ್ಣದ ಹಳೆಯ ಕೊಂಬೆಯ ತನಕ ಕತ್ತರಿಸಿದರೆ ಆ ಭಾಗವು ಮತ್ತೆ ಚಿಗುರುವುದೇ ಇಲ್ಲ. ಬರಿದಾದ ಗಾಯವು ಮರವಿರುವ ತನಕ ಹಾಗೆಯೇ ಕಾಣುವುದು. ಆದುದರಿಂದ ಅವುಗಳನ್ನು ತಿದ್ದುವ ಕಾಲವೆಂದರೆ ಅವು ಹಸುರಾಗಿರುವ ಕಾಲ ಮಾತ್ರ. ‘ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ’ ಎಂಬ ಗಾದೆಯು ಈ ಮರಗಳಿಗೆ ಅಕ್ಷರಶಃ ಅನ್ವಯಿಸುವುದು. ನೆರೆಹೊರೆಯ ಸಂಬಂಧವೂ ಇದೇ ಬಗೆಯದು. “ಸ್ವಾಮಿ, ನಿಮ್ಮ ಮರ ಸ್ವಲ್ಪ ಎತ್ತರವಾಯಿತು” ಎಂದು ಆವರಣದ ಆಚೆಯಿಂದ ನಗುತ್ತ ಹೇಳಿದ ವರ್ಷದಲ್ಲಿಯೇ ತುದಿಯನ್ನು ಕತ್ತರಿಸಿದರೆ ಮರವೂ ಉಳಿಯುವುದು, ನಗೆಯೂ ಉಳಿಯುವುದು. ಐದು ವರ್ಷಗಳ ಬಳಿಕ ವಕೀಲರ ನೋಟೀಸು ಬಂದ ಮೇಲೆ ಕತ್ತರಿಸಿದರೆ ಎರಡರಲ್ಲಿಯೂ ಹಳೆಯ ಕೊಂಬೆ ಮಾತ್ರ ಉಳಿದಿರುವುದು.

ಆಗ ಕಡಿದುಹಾಕೋಣವೆಂದರೂ ಅದು ಒಡೆಯನ ಇಚ್ಛೆಗೆ ಮಾತ್ರ ಬಿಟ್ಟ ವಿಷಯವಲ್ಲ. ೧೯೭೬ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿಯಿರುವ ಕೆಲವ ಜಾತಿಗಳ ಹೊರತು, ಪಟ್ಟಣದಲ್ಲಿ ಸ್ವಂತ ನೆಲದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಇದರಲ್ಲಿ ಒಂದು ತತ್ತ್ವವು ಅಡಗಿದೆ. ನೆಡುವಾಗ ಮರವು ಒಡೆಯನೊಬ್ಬನದೇ. ಬೆಳೆದ ಮೇಲೆ ಅದರಲ್ಲಿ ಊರಿಗೂ ಪಾಲುಂಟೆಂದು ರಾಜ್ಯವೇ ಒಪ್ಪಿದಂತಾಯಿತು. ಕಡಿಯುವಾಗ ಊರಿನ ಮಾತನ್ನು ಕೇಳಲೇಬೇಕಾದ ಮರದ ವಿಷಯದಲ್ಲಿ ನೆಡುವಾಗಲೇ ಊರನ್ನು ನೆನೆಯುವುದು ಮೇಲಲ್ಲವೆ?

ಹಾಗಾದರೆ ಗಾಂಧಿನಗರದ ಗೃಹಸ್ಥನು ತನಗೆ ಇಷ್ಟವಾದ ಕಂಬದಂತಹ ಮರವನ್ನು ನೆಡಲೇಬಾರದೆ? ಹಾಗೆನ್ನಲು ಕಾರಣವಿಲ್ಲ. ಸೌಂದರ್ಯವೂ ಮರೆಯೂ ಮನುಷ್ಯನಿಗೆ ಬೇಕಾದುವೇ. ನೆಡುವ ಮೊದಲು ಆವರಣದ ಆಚೆಯವರೊಡನೆ ಒಂದು ಮಾತು ಆಡಲಿ. ಗೋಡೆಯ ವಿಷಯದಲ್ಲಿ ತೋರುವ ಮರ್ಯಾದೆಯನ್ನು ಮರದ ವಿಷಯದಲ್ಲಿಯೂ ತೋರಲಿ. ಎಷ್ಟು ಎತ್ತರಕ್ಕೆ ನಿಲ್ಲಿಸಬೇಕೆಂಬುದನ್ನು ನೆಡುವ ದಿನವೇ ಗೊತ್ತುಮಾಡಿ, ಆ ಎತ್ತರವನ್ನು ಕಾಯುವ ಶ್ರಮವನ್ನು ಮಕ್ಕಳಿಗೆ ಬಿಡದೆ ತಾನೇ ವಹಿಸಲಿ. ಬೇರಿನ ವಿಷಯದಲ್ಲಿ ಗೋಡೆಯಿಂದ ದೂರವಿರಲಿ. ಇವು ಅಪಕಾರವಾಗದಂತೆ ನೋಡಿಕೊಳ್ಳುವ ಮಾತು.

ಉಪಕಾರದ ಮಾತು ಇನ್ನೊಂದುಂಟು. ಆವರಣದ ಒಳಗೆ ತನ್ನ ಕಣ್ಣಿಗಾಗಿ ಒಂದು ಕಂಬದ ಮರವನ್ನು ನೆಟ್ಟವನು ಹೊರಗೆ ಬೀದಿಯ ಅಂಚಿನಲ್ಲಿ, ತಂತಿಗಳಿಗೆ ತಾಗದ ಸ್ಥಳವನ್ನು ಪಾಲಿಕೆಯವರಿಂದ ಕೇಳಿಕೊಂಡು, ಒಂದು ಹೊಂಗೆಯನ್ನೋ ಬೇವನ್ನೋ ನೆಟ್ಟು ಬೇರೂರುವ ತನಕ ಎರಡು ಬೇಸಿಗೆ ನೀರೆರೆಯಲಿ. ಒಳಗಿನ ಮರಕ್ಕೆ ಎರೆಯುವ ಕೊಡಗಳಲ್ಲಿ ಒಂದನ್ನು ಹೊರಗೆ ಒಯ್ದರೆ ಸಾಕು. ಮುಂದೊಂದು ಮೇ ತಿಂಗಳ ಮಧ್ಯಾಹ್ನದಲ್ಲಿ ತಳ್ಳುಗಾಡಿಯವನೊಬ್ಬನು ಅದರ ಕೆಳಗೆ ಗಾಡಿಯನ್ನು ನಿಲ್ಲಿಸಿ ತಲೆಯ ವಸ್ತ್ರವನ್ನು ಬಿಚ್ಚಿಕೊಳ್ಳುವನು. ಮರ ನೆಟ್ಟವನಾರೆಂದು ಅವನು ಕೇಳುವುದಿಲ್ಲ. ಬಾಗಿಲನ್ನು ತಟ್ಟಿ ಕೃತಜ್ಞತೆಯನ್ನು ಹೇಳುವುದೂ ಇಲ್ಲ. ಗೃಹಸ್ಥನು ತಾನು ಹಿಂದೆ ಯಾರದೋ ಬೇವಿನ ಕೆಳಗೆ ನಿಂತಾಗಲೂ ಹಾಗೆಯೇ ನಡೆದುಕೊಂಡಿದ್ದನಷ್ಟೆ.